ಹಂಪಮ್ಮನ ಸೈಕಲ್ ಸೀಟು

"ಅಜ್ಜಾ, ಸೈಕಲ್ಲಿನ ಸೀಟು ಎಷ್ಟು ಎತ್ತರ ಇರಬೇಕು?" ಎಂದು ಹಂಪಮ್ಮ ಕೇಳಿದಳು.

ಸೈಕಲ್ ರಿಪೇರಿಯ ಕೊಟ್ರಜ್ಜ ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಬಿಟ್ಟು ಕೈ ಒರೆಸಿಕೊಂಡ. ಇಂಥ ಪ್ರಶ್ನೆಗೆ ಕೆಲಸ ಮಾಡುತ್ತ ಉತ್ತರ ಕೊಡುವ ಜಾಯಮಾನ ಅವನದಲ್ಲ.

"ಪ್ರಾಯದಲ್ಲಿ ನನ್ನ ಸೈಕಲ್ಲಿಗೆ ಇಷ್ಟೇ ಎತ್ತರ ಅಂತ ಇರಲಿಲ್ಲ ತಾಯಿ. ಅದು ಬೆಳೆಯುತ್ತಿತ್ತು. ಅಂಥ ಕಬ್ಬಿಣ. ಮುಂಗಾರು ಬಿದ್ದರೆ ಸಾಕು, ಸೀಟಿನ ಕೆಳಗಿನ ಕಂಬ ಕಬ್ಬಿನ ಜಲ್ಲೆಯ ಹಾಗೆ ಎದ್ದುಬಿಡುತ್ತಿತ್ತು. ದೀಪಾವಳಿಯ ಹೊತ್ತಿಗೆ, ಯಾರ ಮಾಳಿಗೆಯ ಮೇಲೆ ಏನು ಒಣಗಿಹಾಕಿದ್ದಾರೆ ಅಂತ ನೋಡಿಕೊಂಡೇ ಹೋಗುತ್ತಿದ್ದೆ. ಯುಗಾದಿಗೆ ಕಮ್ಮಾರನ ಹತ್ತಿರ ಕೊಯ್ಸುತ್ತಿದ್ದೆ. ಕೊಯ್ದ ತುಂಡಿನಲ್ಲಿ ಅವನು ಕುಡುಗೋಲು ಮಾಡಿಕೊಳ್ಳುತ್ತಿದ್ದ."

"ಅದನ್ನು ಕಂಡವರು ಯಾರಾದರೂ ಇದ್ದಾರೋ?" ಎಂದಳು ದುರುಗವ್ವ. ಅವಳು ಎದುರಿನ ತಳ್ಳುಬಂಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವವಳು. ಕೊಟ್ರಜ್ಜನ ಮಾತು ಕೇಳಿ ಕೇಳಿ ಅವಳ ಕಿವಿ ಗಟ್ಟಿಯಾಗಿದ್ದವು.

"ಮೂರು ಜೀವ ಕಂಡಿದ್ದವು. ಕಮ್ಮಾರ ಸತ್ತ. ನನ್ನ ಹೆಂಡತಿ ಸತ್ತಳು. ಮೂರನೆಯದು ಕಮ್ಮಾರನ ಎತ್ತು. ಅದೂ ಸತ್ತಿತು."

"ಆ ಸೈಕಲ್ಲಾದರೂ?"

"ಕೆರೆಯಲ್ಲಿ ಮುಳುಗಿತು. ಕೆರೆ ಮುಚ್ಚಿ ಅದರ ಮೇಲೆ ಈ ಬಸ್ ನಿಲ್ದಾಣ ಕಟ್ಟಿದರು. ಬೇಕಾದರೆ ಅಗೆದು ನೋಡಿಕೊ."

ದುರುಗವ್ವ ಜಾಲರಿಯಿಂದ ಬಜ್ಜಿ ಮಗುಚಿದಳು. ನಿಲ್ದಾಣ ಅಗೆಯುವ ಆಲೋಚನೆ ಅವಳಿಗೆ ಇದ್ದಂತೆ ಕಾಣಲಿಲ್ಲ.

ಕೊಟ್ರಜ್ಜ ಓದು ಬರಹ ಕಲಿತವನಲ್ಲ. ಅಂಗಡಿಯ ಬೋರ್ಡನ್ನು ತಲೆಕೆಳಗಾಗಿ ತೂಗುಹಾಕಿದ್ದ. ಯಾರಾದರೂ ಹೇಳಿದರೆ, ಸೈಕಲ್ಲಿನಿಂದ ಬಿದ್ದವರು ಓದಲಿ ಎಂದು ಹಾಗೆ ಹಾಕಿದ್ದೇನೆ ಎನ್ನುತ್ತಿದ್ದ. ಆದರೆ ಊರಿನ ಅರ್ಧ ಜನ ಸೈಕಲ್ ಕಲಿತದ್ದು ಅವನ ಕೈಯಲ್ಲಿ. ಮೀಸೆ ನರೆತವರೂ ಅವನನ್ನು ಗುರುವೇ ಎಂದೇ ಕರೆಯುತ್ತಿದ್ದರು. ಹಂಪಮ್ಮ ಅವನ ಕಡೆಯ ಶಿಷ್ಯೆ. ನಲವತ್ತು ದಾಟಿದ ಮೇಲೆ ಸೈಕಲ್ ಹಿಡಿದವಳು.

ಅವಳ ಪ್ರಶ್ನೆ ಹೊತ್ತು ಕಳೆಯಲು ಕೇಳಿದ್ದಲ್ಲ. ಪಕ್ಕದ ಊರಿನ ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು. ಬೆಳಗಿನ ಬಸ್ಸು ನಿಂತುಹೋಗಿತ್ತು. ಹಳೆಯ ಲೇಡೀಸ್ ಸೈಕಲ್ ಒಂದನ್ನು ಕೊಂಡಳು. ಮೊದಲ ದಿನವೇ ನಿಲ್ದಾಣದ ಮುಂದೆ, ಹತ್ತೂರಿನ ಜನ ನೋಡುತ್ತಿರುವಾಗ, ಬಿದ್ದಳು. ಮೊಣಕೈ ಕಿತ್ತುಹೋಯಿತು. ಗಾಯ ಮಾಯ್ದರೂ ಜನ ನಕ್ಕದ್ದು ಮಾಯಲಿಲ್ಲ. ಅಂದೇ ಸೀಟನ್ನು ಪೂರ್ತಿ ತಳಕ್ಕೆ ಇಳಿಸಿಕೊಂಡಳು. ಈಗ ಎರಡೂ ಅಂಗಾಲು ನೆಲಕ್ಕೆ ಹತ್ತುತ್ತಿದ್ದವು. ಬೀಳುತ್ತಿರಲಿಲ್ಲ. ಆದರೆ ತುಳಿದರೆ ಮಂಡಿ ಎದೆಗೆ ಬರುತ್ತಿತ್ತು. ದಾರಿಯ ನಡುವೆ ಇರುವ ಕುರಿಹಟ್ಟಿಯ ಏರು ಹತ್ತುತ್ತಿರಲಿಲ್ಲ. ಇಳಿದು ತಳ್ಳಬೇಕಿತ್ತು. ಅವಳು ತಲುಪುವ ಹೊತ್ತಿಗೆ ಹಾಸ್ಟೆಲಿನ ಮಕ್ಕಳು ಬಿಸ್ಕತ್ತು ತಿಂದು ಶಾಲೆಗೆ ಹೋಗಿರುತ್ತಿದ್ದರು.

ವಾರ್ಡನ್ ಕೆಟ್ಟವರಲ್ಲ. "ಹಂಪಮ್ಮಾ, ಈ ತಿಂಗಳು ನೋಡುತ್ತೇನೆ. ಆಮೇಲೆ ಇದೇ ಊರಿನ ಒಬ್ಬಾಕೆಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ಮಕ್ಕಳ ಹೊಟ್ಟೆಯ ವಿಷಯ" ಎಂದಿದ್ದರು.

"ಬೆಳೆಯುವ ಸೈಕಲ್ಲಿನ ಮಾತು ಬಿಡು ಅಜ್ಜಾ. ಬೆಳೆಯದ ಸೈಕಲ್ಲಿಗೆ ಎಷ್ಟು ಎತ್ತರ ಹೇಳು."

"ಹಾಗಾದರೆ ಒಂದು ಕತೆ ಕೇಳು" ಎಂದ ಕೊಟ್ರಜ್ಜ.

ಒಂದೂರಿನಲ್ಲಿ ಒಬ್ಬ ಗೌಡ ಇದ್ದ. ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಇಬ್ಬರೂ ಒಂದೇ ದಿನ ಸೈಕಲ್ ತಂದರು. ನೋಡಲು ಊರಿಗೆ ಊರೇ ನೆರೆಯಿತು.

ಗೌಡನದು ಒಂದು ಪದ್ಧತಿ. ಚಾವಡಿಯಲ್ಲಿ ಅವನು ಮೇಲೆ ಕೂತರೆ ಉಳಿದವರು ಕೆಳಗೆ ಕೂರಬೇಕು. ಮದುವೆಯ ಊಟದಲ್ಲಿ ಎಲ್ಲರಿಗೂ ಒಂದು ಮಣೆಯಾದರೆ ಅವನಿಗೆ ಒಂದರ ಮೇಲೊಂದು ಎರಡು ಮಣೆ. ಅಂಥವನು ಸೈಕಲ್ ಹತ್ತಿ ಪಕ್ಕಕ್ಕೆ ನೋಡಿದ. ವ್ಯಾಪಾರಿಯ ರುಮಾಲು ತನ್ನ ರುಮಾಲಿಗಿಂತ ಒಂದು ಗೇಣು ಮೇಲಿತ್ತು. ವ್ಯಾಪಾರಿ ಹುಟ್ಟಿನಿಂದಲೇ ಉದ್ದದ ಆಸಾಮಿ. ಅದು ಅವನ ತಪ್ಪಲ್ಲ. ಆದರೂ ಗೌಡನಿಗೆ ಅಂದು ಅನ್ನ ಸೇರಲಿಲ್ಲ.

ಮರುದಿನ ಗೌಡ ಸೀಟಿನ ಕಂಬವನ್ನು ಉದ್ದ ಮಾಡಿಸಿದ. ಒಂದು ಗೇಣು ಸಾಲದೆಂದು ಒಂದು ಮೊಳ ಮಾಡಿಸಿದ. ಕಾಲು ಪೆಡಲಿಗೆ ಎಟುಕಲಿಲ್ಲ. ಪೆಡಲಿಗೆ ಮರದ ದಿಮ್ಮಿ ಕಟ್ಟಿಸಿದ. ಹತ್ತುವುದು ಹೇಗೆ, ಇಳಿಯುವುದು ಹೇಗೆ? ಅದಕ್ಕೆ ಆಳೆತ್ತರದ ಕಟ್ಟೆಗಳನ್ನು ಕಟ್ಟಿಸಿದ. ಮನೆಯ ಮುಂದೆ ಒಂದು, ಚಾವಡಿಯ ಮುಂದೆ ಒಂದು, ಕ್ಷೌರದ ಅಂಗಡಿಯ ಮುಂದೆ ಒಂದು. ಕಟ್ಟೆಗೆ ಕಾಲು ಕೊಟ್ಟು ಹತ್ತಬೇಕು, ಕಟ್ಟೆಗೆ ಕಾಲು ಕೊಟ್ಟು ಇಳಿಯಬೇಕು. ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ. ನಿಂತರೆ ಬೀಳುತ್ತಾನೆ. ಆದರೂ ಊರಿನಲ್ಲಿ ಅವನಿಗಿಂತ ಎತ್ತರದವರು ಯಾರೂ ಇರಲಿಲ್ಲ. ಬೇವಿನ ಮರದ ಕಾಗೆಗಳು ಮಾತ್ರ ಇದ್ದವು.

ಒಂದು ದಿನ ಗೌಡ ಚಾವಡಿಗೆ ಹೋದ. ಕಟ್ಟೆಗೆ ಒರಗಿಕೊಂಡು ಒಂದು ಎಮ್ಮೆ ಮಲಗಿತ್ತು. ಎಬ್ಬಿಸಿದರೆ ಏಳಲಿಲ್ಲ. ಮನೆಗೆ ತಿರುಗಿದ. ಕಟ್ಟೆಯ ಮೇಲೆ ಹೆಂಡತಿ ಹಪ್ಪಳ ಒಣಗಿಹಾಕಿದ್ದಳು. ಗೌಡ ಊರಿಗೆ ಹೆದರದವನು, ಹಪ್ಪಳಕ್ಕೆ ಹೆದರಿದ. ಕ್ಷೌರದ ಅಂಗಡಿಗೆ ಹೋದ. ಅಲ್ಲಿ ಕಟ್ಟೆಯ ಮೇಲೆ ಆ ವ್ಯಾಪಾರಿಯೇ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದ. 'ಸ್ವಲ್ಪ ಏಳಪ್ಪ' ಎಂದರೆ ಏಳುತ್ತಿದ್ದ. ಗೌಡ ಹಾಗೆ ಹೇಳಲಿಲ್ಲ. ತುಳಿಯುತ್ತಲೇ ಇದ್ದ.

ಅಂದು ಒಂದು ನ್ಯಾಯ ಬಗೆಹರಿಸಬೇಕಿತ್ತು. ಸೈಕಲ್ ಮೇಲೆಯೇ ನ್ಯಾಯ ನಡೆಯಿತು. ಒಬ್ಬ ಎಡಕ್ಕೆ ಓಡುತ್ತ ಹೇಳಿದ. ಇನ್ನೊಬ್ಬ ಬಲಕ್ಕೆ ಓಡುತ್ತ ಹೇಳಿದ. ಮೊದಲು ಏದುಸಿರು ಬಂದವನು ಸೋತ. ಮಧ್ಯಾಹ್ನ ಹೆಂಡತಿ ಬೀದಿಯ ತಿರುವಿನಲ್ಲಿ ನಿಂತು ರೊಟ್ಟಿ ಎಸೆದಳು. ಗೌಡ ಬಾಯಲ್ಲಿ ಹಿಡಿದ. ಪಲ್ಯವನ್ನು ಮುಂದಿನ ಸುತ್ತಿಗೆ ಎಸೆದಳು.

"ಮಜ್ಜಿಗೆ ಹೇಗೆ ಕೊಟ್ಟಳು?" ಎಂದು ದುರುಗವ್ವ ಕೇಳಿದಳು.

"ಕೊಡಲಿಲ್ಲ. ಗೌಡ ಬಾಯಾರಿಕೊಂಡೇ ಇದ್ದ. ನೀನು ನಡುವೆ ಬಾಯಿ ಹಾಕಬೇಡ, ನಿನ್ನ ಬಜ್ಜಿ ಸೀಯುತ್ತಿದೆ."

ಸಂಜೆಯ ಹೊತ್ತಿಗೆ ಗೌಡನ ಕಾಲು ಸೋತವು. ಊರ ಹೊರಗೆ ಒಂದು ಹುಲ್ಲಿನ ಬಣವೆ ಕಂಡಿತು. ಸೈಕಲ್ ಸಮೇತ ಅದರೊಳಗೆ ನುಗ್ಗಿದ. ಅವನನ್ನು ಹೊರಗೆ ತೆಗೆಯುವಾಗ ಅರ್ಧ ಬಣವೆ ದನಗಳ ಪಾಲಾಯಿತು.

ವ್ಯಾಪಾರಿ ಇದನ್ನೆಲ್ಲ ನೋಡಿದ. ಎತ್ತರದ ಸಹವಾಸವೇ ಬೇಡ ಎಂದುಕೊಂಡ. ತನ್ನ ಸೀಟನ್ನು ತಳಕ್ಕೆ ಇಳಿಸಿದ. ಎರಡೂ ಅಂಗಾಲು ನೆಲಕ್ಕೆ ಊರಿದವು. ಆದರೆ ತುಳಿಯಲು ಹೋದರೆ ಮಂಡಿ ಗದ್ದಕ್ಕೆ ಬಡಿಯಿತು. ಆದ್ದರಿಂದ ತುಳಿಯುವುದನ್ನು ಬಿಟ್ಟು, ಸೀಟಿನ ಮೇಲೆ ಕೂತುಕೊಂಡೇ ನಡೆದ. ಕೋಳಿಗಳು ಅವನನ್ನು ಹಿಂದೆ ಹಾಕಿದವು. ಹಸಿಮೆಣಸಿನಕಾಯಿ ಹೇರಿಕೊಂಡು ಸಂತೆಗೆ ಹೊರಟರೆ, ಸಂತೆ ಸೇರುವಾಗ ಅವು ಕೆಂಪಗೆ ಒಣಗಿದ್ದವು. ಒಮ್ಮೆ ಬುಟ್ಟಿಯಲ್ಲಿ ಮೊಟ್ಟೆ ಹೇರಿಕೊಂಡು ಹೊರಟ. ಸಂತೆಯಲ್ಲಿ ಬುಟ್ಟಿಯ ಮುಚ್ಚಳ ತೆಗೆದರೆ ಹುಂಜ ಕೂಗಿತು.

ಆದರೂ ವ್ಯಾಪಾರಿ ಸಿಕ್ಕವರಿಗೆಲ್ಲ, 'ನಾನು ಒಮ್ಮೆಯೂ ಬಿದ್ದಿಲ್ಲ' ಎನ್ನುತ್ತಿದ್ದ. ಅದು ನಿಜ. ಬೀಳಬೇಕಾದರೆ ಸ್ವಲ್ಪವಾದರೂ ಮುಂದೆ ಹೋಗಬೇಕು.

ಹಂಪಮ್ಮನ ಮುಖ ಬಿಗಿದುಕೊಂಡಿತು. "ಅಜ್ಜಾ, ಆ ವ್ಯಾಪಾರಿ ನಾನೇ ತಾನೆ?"

"ಛೇ ಛೇ, ಎಲ್ಲಾದರೂ ಉಂಟೆ? ಅವನಿಗೆ ಮೀಸೆ ಇತ್ತು."

ದುರುಗವ್ವ ನಗುವುದಕ್ಕೆ ಬಂಡಿಯ ಆಚೆ ತಿರುಗಿಕೊಂಡಳು. ಕೊಟ್ರಜ್ಜ ಕತೆ ಮುಂದುವರಿಸಿದ.

ಕಡೆಗೆ ಇಬ್ಬರೂ ಬುದ್ಧಿ ಕೇಳಲು ನನ್ನ ಹತ್ತಿರ ಬಂದರು. ಆಗ ನನಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ಆದರೂ ಸುತ್ತಿನ ಸೀಮೆಯಲ್ಲಿ ನನಗಿಂತ ತಿಳಿದವರು ಇರಲಿಲ್ಲ.

'ಗೌಡರೇ, ಸೀಟಿನ ಎತ್ತರವನ್ನು ಏನು ನೋಡಿ ಇಟ್ಟಿರಿ?' ಎಂದು ಕೇಳಿದೆ.

'ಇವನ ರುಮಾಲು ನೋಡಿ' ಎಂದ ಗೌಡ.

'ಸಾಹುಕಾರರೇ, ನೀವು?'

'ನೆಲ ನೋಡಿ' ಎಂದ ವ್ಯಾಪಾರಿ.

'ಸೈಕಲ್ ತುಳಿಯುವುದು ರುಮಾಲೋ, ನೆಲವೋ?' ಎಂದು ಕೇಳಿದೆ. ಇಬ್ಬರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಅಲ್ಲಿಯತನಕ ಆ ಕಾಲುಗಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕತೆ ಮುಗಿಯಿತು. ಕೊಟ್ರಜ್ಜ ಎದ್ದು ಹಂಪಮ್ಮನ ಸೈಕಲ್ಲನ್ನು ಗೋಡೆಗೆ ಒರಗಿಸಿದ.

"ಹತ್ತು. ಗೋಡೆ ಹಿಡಿದುಕೊ. ಒಂದು ಪೆಡಲು ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡು. ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗುತ್ತದೆ. ಅದು ನಿನ್ನ ಎತ್ತರ. ನೆಲಕ್ಕೆ ಬೆರಳ ತುದಿ ಹತ್ತಿದರೆ ಸಾಕು. ನಿಲ್ಲಿಸುವಾಗ ಸೀಟು ಬಿಟ್ಟು ಮುಂದಕ್ಕೆ ಜಾರಿ ಕಾಲು ಊರು."

ಹಂಪಮ್ಮ ಹಿಮ್ಮಡಿ ಇಟ್ಟಳು. ಮಂಡಿ ಹೊಟ್ಟೆಯ ಮುಂದೆ ಗುಡ್ಡದಂತೆ ನಿಂತಿತ್ತು. ಸೀಟು ನಾಲ್ಕು ಬೆರಳು ಏರಬೇಕೆಂದು ಅವಳಿಗೂ ಕಂಡಿತು. ಕೊಟ್ರಜ್ಜ ಸ್ಪ್ಯಾನರ್ ತೆಗೆದ. ಅವಳು ಸರ್ರನೆ ಕೆಳಗಿಳಿದು ಸೀಟನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

"ಬೇಡ ಅಜ್ಜಾ. ನಿನ್ನ ಕತೆ ಸರಿ. ನನ್ನ ಸೀಟು ಇಲ್ಲೇ ಇರಲಿ. ಎರಡೂ ಪಾದ ನೆಲಕ್ಕೆ ಹತ್ತದಿದ್ದರೆ ನನಗೆ ಜೀವ ನಿಲ್ಲುವುದಿಲ್ಲ. ಈ ಸೀಟು ಮುಟ್ಟುವುದಿಲ್ಲ ಅಂತ ಆಣೆ ಇಡು."

"ಕೆರೆಯಲ್ಲಿ ಮುಳುಗಿದ ನನ್ನ ಸೈಕಲ್ಲಿನ ಆಣೆ. ಮುಟ್ಟುವುದಿಲ್ಲ" ಎಂದ ಕೊಟ್ರಜ್ಜ. ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಹಂಪಮ್ಮನ ಮನೆ ಮೆಟ್ಟಿಲುಗಳ ಓಣಿಯಲ್ಲಿತ್ತು. ಸೈಕಲ್ ದಿನಾ ಸಂಜೆ ಕೊಟ್ರಜ್ಜನ ಅಂಗಡಿಯಲ್ಲೇ ನಿಲ್ಲಬೇಕು. ಅವಳು ಇಪ್ಪತ್ತು ವರ್ಷ ಅಡುಗೆಮನೆ ಕಂಡವಳು. ಹಾಸ್ಟೆಲಿನಲ್ಲಿ ಎಣ್ಣೆಯ ಡಬ್ಬಿಗೆ ದಿನಾ ಒಂದು ಗೆರೆ ಎಳೆದಿಟ್ಟು ಬರುವವಳು. ಬೆಳಗ್ಗೆ ಎಣ್ಣೆ ಗೆರೆಗಿಂತ ಕೆಳಗಿದ್ದರೆ, ಯಾರೋ ಕೈ ಹಾಕಿದ್ದಾರೆ ಎಂದು ತಿಳಿಯುತ್ತದೆ. ಆಣೆಯನ್ನು ನಂಬಿ ಎಣ್ಣೆ ಬಿಟ್ಟುಬರುವ ಅಡುಗೆಯವಳು ಎಲ್ಲಿಯೂ ಇಲ್ಲ. ಮರುದಿನ ಅವಳು ಮಗಳ ಉಗುರುಬಣ್ಣ ತಂದಳು. ಸೀಟಿನ ಕಂಬ ಚೌಕಟ್ಟಿನೊಳಗೆ ಇಳಿಯುವ ಜಾಗದಲ್ಲಿ, ಅಂಚಿಗೆ ಸರಿಯಾಗಿ, ಕೆಂಪು ಗೆರೆ ಎಳೆದಳು. ಆಮೇಲೆ ಸೀಟು ಒತ್ತಬಾರದೆಂದು ಹಳೆಯ ಸೀರೆಗಳಿಂದ ತಾನೇ ಹೊಲಿದ ಪುಟ್ಟ ಕೌದಿಯನ್ನು ಅದಕ್ಕೆ ಹೊದಿಸಿ ಬಿಗಿದು ಕಟ್ಟಿದಳು. ಕೌದಿಯ ಅಂಚು ಕೆಳಗೆ ಇಳಿಬಿದ್ದಿತ್ತು. ಕಂಬ ಕಾಣಿಸುತ್ತಿರಲಿಲ್ಲ.

ದಿನಗಳು ಹೋದವು. ಮಂಡಿಯ ನೋವು ಕೊಂಚ ಇಳಿಯಿತು. ಕೌದಿಯ ಪುಣ್ಯ ಎಂದುಕೊಂಡಳು.

ಒಂದು ಬೆಳಗ್ಗೆ ಸೈಕಲ್ ಹತ್ತಿ ನಿಂತರೆ, ಹಿಮ್ಮಡಿ ನೆಲದಿಂದ ಕೊಂಚ ಮೇಲಿದ್ದಂತೆ ಅನಿಸಿತು.

"ಅಜ್ಜಾ, ನನ್ನ ಹಿಮ್ಮಡಿ ನೆಲಕ್ಕೆ ಹತ್ತುತ್ತಿಲ್ಲ."

ಕೊಟ್ರಜ್ಜ ಬಗ್ಗಿ ನೋಡಿದ. "ಚಪ್ಪಲಿ ಸವೆದಿದೆ ತಾಯಿ."

ಚಪ್ಪಲಿ ಸವೆದದ್ದು ನಿಜವೇ. ಅವಳು ಹೊಸ ಚಪ್ಪಲಿ ಕೊಂಡಳು. ಕೆಲವು ದಿನ ಹಿಮ್ಮಡಿ ಹತ್ತಿತು. ಆಮೇಲೆ ಮತ್ತೆ ಹತ್ತಲಿಲ್ಲ.

"ಅಜ್ಜಾ, ಚಪ್ಪಲಿ ಹೊಸದು. ಈಗ ಏನು ಹೇಳುತ್ತಿ?"

"ಬೇಸಿಗೆ ಬಂತಲ್ಲ, ನೆಲ ಇಳಿದಿದೆ. ಬಾವಿಯ ನೀರು ಕೆಳಗೆ ಹೋಗುವುದನ್ನು ಕಂಡಿದ್ದೀಯಲ್ಲ? ನೀರು ಹೋದರೆ ನೆಲ ಒಂದೇ ಮೇಲಿದ್ದು ಏನು ಮಾಡಬೇಕು? ಅದೂ ಹಿಂದೆಯೇ ಇಳಿಯುತ್ತದೆ. ನನ್ನ ಪ್ರಾಯದಲ್ಲಿ ಒಂದು ಬೇಸಿಗೆ ಎಂಥದು ಬಂತೆಂದರೆ, ಬಸ್ಸಿನಿಂದ ಇಳಿಯಲು ಹಗ್ಗ ಬೇಕಾಯಿತು."

"ಯವ್ವಾ, ಗೆರೆ ನೋಡೇ" ಎಂದು ದುರುಗವ್ವ ಬಂಡಿಯಿಂದಲೇ ಕೂಗಿದಳು. ಗೆರೆ ಎಳೆದದ್ದನ್ನು ಅವಳು ಕಂಡಿದ್ದಳು.

ಹಂಪಮ್ಮನ ಕೈ ಕೌದಿಯ ಗಂಟಿನವರೆಗೆ ಹೋಯಿತು. ಆದರೆ ಹೊತ್ತಾಗಿತ್ತು. ಸಂಜೆ ನೋಡಿದರಾಯಿತು ಎಂದು ಹೊರಟಳು. ಅಂದು ಕುರಿಹಟ್ಟಿಯ ಏರಿನಲ್ಲಿ ಅರ್ಧದವರೆಗೆ ಇಳಿಯದೆ ಹೋದಳು. ಸಂಜೆ ಬಂದಾಗ ಗಂಟು ಬಹಳ ಬಿಗಿಯಾಗಿದೆ ಎನಿಸಿತು. ಮರುದಿನ ಮಗಳಿಗೆ ಜ್ವರ. ಅದರ ಮರುದಿನ ಅವಳಿಗೆ ಗೆರೆಯ ನೆನಪೇ ಆಗಲಿಲ್ಲ. ಅಥವಾ ಆಗಿಯೂ ಸೆರಗು ಸಿಕ್ಕಿಸಿಕೊಂಡು ಹೊರಟುಬಿಟ್ಟಳು. ನಿಲ್ಲಿಸುವಾಗ ಸೀಟು ಬಿಟ್ಟು ಮುಂದಕ್ಕೆ ಜಾರಿ ಕಾಲು ಊರುವುದು ಯಾವಾಗ ರೂಢಿಯಾಯಿತೋ ಅವಳಿಗೇ ತಿಳಿಯಲಿಲ್ಲ.

ತಿಂಗಳ ಕಡೆಯ ದಿನ ಬಂತು. ಅಂದು ತಡವಾದರೆ ಕೆಲಸ ಹೋಯಿತು. ಕುರಿಹಟ್ಟಿಯ ಏರಿನ ಬುಡದಲ್ಲಿ ಅವಳು ಮೊದಲು ಇಳಿಯುತ್ತಿದ್ದ ಜಾಗ ನೋಡಿದಳು. ಇಳಿಯಲಿಲ್ಲ. ಕಾಲು ಪೂರ್ತಿ ಚಾಚಿತು, ಪೂರ್ತಿ ತುಳಿಯಿತು. ಅರ್ಧ ಏರಿತು. ಮುಕ್ಕಾಲು ಏರಿತು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ, "ದಾರಿ ಬಿಡ್ರೋ, ಅಕ್ಕ ನಿಲ್ಲಂಗಿಲ್ಲ!" ಎಂದು ಕುರಿಗಳಿಗೇ ಹೇಳಿದ. ಏರಿನ ತಲೆ ಬಂದಾಗ ಅವಳಿಗೆ ಏದುಸಿರಿತ್ತು. ಇಳಿಜಾರಿನಲ್ಲಿ ಅದೂ ಇರಲಿಲ್ಲ.

ಮಕ್ಕಳು ಸ್ನಾನ ಮುಗಿಸಿ ಬರುವ ಹೊತ್ತಿಗೆ ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಬಿದ್ದಿತ್ತು.

"ಇವತ್ತು ಯಾರ ಗಾಡಿ ಸಿಕ್ಕಿತು ಹಂಪಮ್ಮಾ?" ಎಂದು ವಾರ್ಡನ್ ಕೇಳಿದರು.

"ನನ್ನದೇ ಸಾರ್."

ವಾರ್ಡನ್ ತಟ್ಟೆ ಮುಂದೆ ಹಿಡಿದರು. "ಹಾಗಾದರೆ ಆ ಇನ್ನೊಬ್ಬಾಕೆಗೆ ಹೇಳಿ ಕಳಿಸುವುದಿಲ್ಲ. ಇನ್ನೊಂದು ಸೌಟು ಹಾಕು."

ಸಂಜೆ ಹಂಪಮ್ಮ ಅಂಗಡಿಗೆ ಬಂದಾಗ ಮುಖ ಅರಳಿತ್ತು. ದುರುಗವ್ವನಿಂದ ಬಜ್ಜಿ ಕಟ್ಟಿಸಿಕೊಂಡು ಗುರುವಿನ ಮುಂದಿಟ್ಟಳು. ಏರಿನ ಕತೆ ಹೇಳಿದಳು. ಒಮ್ಮೆ ಹೇಳಿ ಸಾಲದೆ ಮತ್ತೊಮ್ಮೆ ಹೇಳಿದಳು. ಎರಡನೆಯ ಸಲ ಏರು ಮೊದಲಿಗಿಂತ ಕಡಿದಾಗಿತ್ತು, ಕುರಿಗಳೂ ಹೆಚ್ಚಿದ್ದವು. ಕೊಟ್ರಜ್ಜ ಮೆಚ್ಚಿ ತಲೆದೂಗಿದ.

ಕೌದಿಗೆ ಬೆವರಿನ ಜಿಡ್ಡು ಹತ್ತಿತ್ತು. ಒಗೆಯಲು ಒಯ್ಯಬೇಕೆಂದು ಅವಳು ಗಂಟು ಬಿಚ್ಚಿ ತೆಗೆದಳು. ಕೈ ಅಲ್ಲೇ ನಿಂತಿತು.

ಉಗುರುಬಣ್ಣದ ಗೆರೆ ಚೌಕಟ್ಟಿನ ಅಂಚಿನಲ್ಲಿ ಇರಲಿಲ್ಲ. ಮೇಲೆ ಹೋಗಿತ್ತು. ಹಂಪಮ್ಮ ಸಾರಿನ ಪಾತ್ರೆಗೆ ನೀರು ಅಳೆಯುವ ಹಾಗೆ ಬೆರಳಿಟ್ಟು ಅಳೆದಳು. ಸರಿಯಾಗಿ ನಾಲ್ಕು ಬೆರಳು.

"ಅಜ್ಜಾ."

"ಏನು ತಾಯಿ?"

"ಸೀಟು ಏರಿದೆ."

ಕೊಟ್ರಜ್ಜ ಬಜ್ಜಿ ಅಗಿಯುತ್ತಲೇ ಬಗ್ಗಿ ನೋಡಿದ. ಗೆರೆ ನೋಡಿದ. ಕಂಬ ನೋಡಿದ. ಎರಡೂ ಹೆಗಲು ಮೇಲೆತ್ತಿ ಇಳಿಬಿಟ್ಟ.

"ಬೆಳೆದಿದೆ. ಅಂದು ಹೇಳಿದೆ, ನೀವಿಬ್ಬರೂ ನಂಬಲಿಲ್ಲ."

"ಮುಳುಗಿದ ಸೈಕಲ್ಲಿನ ಆಣೆ ಇಟ್ಟಾಗಲೇ ನನಗೆ ಗೊತ್ತಿತ್ತು" ಎಂದು ದುರುಗವ್ವ ಜಾಲರಿ ತೋರಿಸಿದಳು. "ಸೊಂಟದಲ್ಲಿರುವ ಆ ಸ್ಪ್ಯಾನರನ್ನು ಕೇಳು, ಎಷ್ಟು ಗೊಬ್ಬರ ಹಾಕಿದೆ ಅಂತ."

ಹಂಪಮ್ಮ ಅತ್ತ ನೋಡಲಿಲ್ಲ. ಗೆರೆಯ ಮೇಲಿಟ್ಟ ಬೆರಳನ್ನೂ ತೆಗೆಯಲಿಲ್ಲ.

"ಇಷ್ಟು ಏರಿದ್ದು ನನಗೆ ಒಂದು ದಿನವಾದರೂ ಗೊತ್ತಾಗಬೇಡವೇ ಅಜ್ಜಾ?"

ಕೊಟ್ರಜ್ಜ ಕೈ ಒರೆಸಿಕೊಂಡು, ತೊಟ್ಟಿಯಿಂದ ಒಂದು ಟ್ಯೂಬನ್ನು ಎತ್ತಿಕೊಂಡ.

"ಗೊತ್ತಾಗುತ್ತಿತ್ತು ತಾಯಿ, ಕೌದಿ ಎತ್ತಿ ನೋಡಿದ್ದರೆ."